ವಾಮನ ಸೇರಿಗಾರರ ಐದನೆಯ ರೆಕಾರ್ಡಿಂಗು

ಕಡಲು ಹತ್ತಿದ ನೂರ ಹನ್ನೆರಡನೆಯ ವರ್ಷ,
ಎರಡನೆಯ ಆಟಿ ತಿಂಗಳು, ಮೂವತ್ತಾರನೆಯ ದಿನ.
ಕಾರ್ಕಳದ ಬಂಡೆ, ಮೇಲಿನ ಸಾಲು.

ಜಲಜಾಕ್ಷಿ ಅಜ್ಜಿಗೆ ರುಕ್ಕುವಿನ ನಮಸ್ಕಾರ.

ನಿಮಗೀಗ ಮೂವತ್ತಾರು ವರ್ಷ ಅಂತ ಗೊತ್ತು. ಅಜ್ಜಿ ಅಂದದ್ದಕ್ಕೆ ಸಿಟ್ಟು ಮಾಡಬೇಡಿ. ನಿಮ್ಮ ಮಗಳ ಮೊಮ್ಮಗಳ ಮಗಳು ನಾನು, ಬೇರೆ ಎಂತ ಅಂತ ಕರೆಯುವುದು? ಮೇಲಿನ ತಾರೀಕು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂತ ಕಾಗದವನ್ನು ಒಲೆಗೆ ಹಾಕಬೇಡಿ. ಕಡಲು ಮಲ್ಪೆಯನ್ನು ದಾಟಿ ಮೇಲೆ ಹತ್ತಿದ ವರ್ಷದಿಂದ ನಮ್ಮ ಲೆಕ್ಕ ಶುರು. ಮಳೆ ಒಂದು ಆಟಿಯಲ್ಲಿ ಮುಗಿಯುವುದಿಲ್ಲವಾದ್ದರಿಂದ ನಮಗೆ ಆಟಿ ಎರಡು, ಎರಡನೆಯದಕ್ಕೆ ನಲವತ್ತು ದಿನ. ನಿಮ್ಮ ನೋಟುಬುಕ್ಕು ಓದಿ ಓದಿ ನಿಮ್ಮ ಹಾಗೆಯೇ ಬರೆಯಲಿಕ್ಕೆ ನೋಡಿದ್ದೇನೆ. ಆದರೂ ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ.

ಈ ಕಾಗದಕ್ಕೆ ಹಿಂದಂಚೆ ಅಂತ ಹೆಸರು. ಕಳೆದುಹೋದ ಕಾಲದ ಒಬ್ಬರಿಗೆ ಒಂದು ಕಾಗದ. ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಅವಕಾಶ, ಉತ್ತರ ಬರುವ ದಾರಿ ಇಲ್ಲ. ಹೆಚ್ಚಿನವರು ಸತ್ತ ಅಮ್ಮನಿಗೆ ಬರೆಯುತ್ತಾರೆ: ಆ ದೋಣಿ ಹತ್ತಬೇಡ, ಆ ಜ್ವರಕ್ಕೆ ಕಷಾಯ ಸಾಲದು. ಬರೆದವರ ಅಮ್ಮಂದಿರು ಎದ್ದು ಬಂದದ್ದನ್ನು ನಾನಂತೂ ನೋಡಿಲ್ಲ. ಕಾಗದ ತಲುಪಿದ್ದರೆ ಅವರು ಸಾಯುತ್ತಲೇ ಇರಲಿಲ್ಲ, ನೀವು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ ಅಂತ ಅಂಚೆಯವರು ವಾದ ಮಾಡುತ್ತಾರೆ. ಅವರ ಹತ್ತಿರ ಮಾತಾಡಿ ಗೆಲ್ಲುವುದು ಉಂಟಾ! ನನ್ನ ಅಮ್ಮ ಹೋದದ್ದು ಐವತ್ತೊಂದನೆಯ ವಯಸ್ಸಿಗೆ, ಇಂಥದ್ದೇ ಒಂದು ಜ್ವರದಲ್ಲಿ. ನಾನು ಈ ಕಾಗದ ನಿಮಗೆ ಬರೆಯುತ್ತೇನೆ ಅಂದಾಗ ನನ್ನ ಗಂಡ ಹಣೆ ಚಚ್ಚಿಕೊಂಡ. ಹೆತ್ತಮ್ಮನನ್ನು ಬಿಟ್ಟು ಯಾರೋ ಪೀಪಿ ಊದುವವನಿಗೋಸ್ಕರ ಇದ್ದ ಒಂದು ಕಾಗದ ಹಾಳು ಮಾಡ್ತೀಯಲ್ಲ ಮಾರಾಯ್ತಿ, ನಿಂಗೆ ಮಂಡೆ ಸಮ ಉಂಟಾ ಅಂತ ಕೇಳಿದ. ಅವನಿಗೆ ನಾನು ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತೇನೆ.

ಪೀಪಿ ಊದುವವರು ಅಂದರೆ ನಿಮ್ಮ ಸೋದರಮಾವ. ನಾನು ಹೇಳುವ ವಾಮನ ಸೇರಿಗಾರರು ನಿಮ್ಮವರೇ ಹೌದೋ ಅಂತ ಖಾತ್ರಿಯಾಗಲಿ, ನನಗೆ ಗೊತ್ತಿದ್ದಷ್ಟು ಬರೆಯುತ್ತೇನೆ, ತಪ್ಪಿದ್ದರೆ ನಕ್ಕುಬಿಡಿ. ದೇವಸ್ಥಾನದ ವಾಲಗದ ಮನೆತನ. ನಾಗಸ್ವರ ಬಿಟ್ಟು ಸ್ಯಾಕ್ಸೊಫೋನು ಹಿಡಿದ ಎರಡನೆಯ ತಲೆಮಾರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮುಲ್ಕಿಯ ಒಂದು ಮದುವೆಯಲ್ಲಿ ಗಟ್ಟಿಮೇಳ ಊದಿ ಎಲ್ಲರೂ ನಿಲ್ಲಿಸಿದರು, ಇವರು ನಿಲ್ಲಿಸಲಿಲ್ಲ. ಮೊದಲ ಪಂಕ್ತಿ ಉಂಡು ಏಳುವವರೆಗೆ ಊದಿದರಂತೆ, ರಾಗ ಇಲ್ಲ, ತಾಳ ಇಲ್ಲ, ಹದ್ದು ಕೂಗಿದ ಹಾಗೆ. ಮದುಮಗಳ ಅಪ್ಪ ಬಂದು ಕೈಮುಗಿದು ನಿಲ್ಲಿಸಿದ್ದು. ಅಲ್ಲಿಂದ ಮುಂದೆ ಯಾರೂ ಮದುವೆಗೆ ಕರೆಯಲಿಲ್ಲ. ಪ್ರಯಾಣಿಕರ ಹಡಗೊಂದರ ಬ್ಯಾಂಡಿನಲ್ಲಿ ಏಳು ವರ್ಷ ಇದ್ದರು. ಅಲ್ಲಿ ಒಬ್ಬ ಇಂಜಿನಿಯರನ ಕೋಣೆಯಲ್ಲಿ ಯಾವುದೋ ದೇಶದವರ ರೆಕಾರ್ಡು ಕೇಳಿದಾಗಲೇ ತಾನು ಮದುವೆಯಲ್ಲಿ ಊದಿದ್ದಕ್ಕೆ ಫ್ರೀ ಜಾಝ್ ಅಂತ ಹೆಸರಿದೆ, ಪ್ರಪಂಚದಲ್ಲಿ ಬೇರೆ ಹುಚ್ಚರೂ ಇದ್ದಾರೆ ಅಂತ ಅವರಿಗೆ ಗೊತ್ತಾದದ್ದು.

ಊರಿಗೆ ಬಂದು ಮೊದಲ ರೆಕಾರ್ಡಿಂಗು ಮಾಡಿದ್ದು ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ, ಮೋಟಾರು ಓಡುತ್ತಿರುವಾಗಲೇ. ಎರಡನೆಯದು ಒಬ್ಬ ಚೆಂಡೆಯವರ ಜೊತೆ, ಮುಚ್ಚಿದ ಹಂಚಿನ ಕಾರ್ಖಾನೆಯ ಗೂಡಿನೊಳಗೆ. ಆ ಕ್ಯಾಸೆಟ್ಟು ಕೊಂಡವರಲ್ಲಿ ಅರ್ಧ ಜನ ಟೇಪು ಹಾಳಾಗಿದೆ ಅಂತ ವಾಪಸು ತಂದರಂತೆ. ಮಾವ ಅವರನ್ನು ಕೂರಿಸಿ, ಹಾಳಾದದ್ದು ಯಾವ ಜಾಗದಲ್ಲಿ ತೋರಿಸಿ ಅಂತ ಕೇಳುತ್ತಿದ್ದರಂತೆ. ಮೂರನೆಯದು ಒಬ್ಬರೇ. ನಾಲ್ಕನೆಯದನ್ನು ಹದಿನೆಂಟು ವರ್ಷ ಬಿಟ್ಟು, ಶಾಲೆಯ ಬ್ಯಾಂಡಿಗೆ ಪಾಠ ಹೇಳಿ ನಿವೃತ್ತರಾದ ಮೇಲೆ ಮಾಡಿದರು. ಐದನೆಯದು ಬರುವ ಭಾನುವಾರ, ನಿಮ್ಮ ಮನೆಯಲ್ಲಿ.

ಈಗ ನನ್ನ ಕೆಲಸದ ಸಂಗತಿ ಹೇಳಬೇಕು. ನಾನು ಸೋಸುಮನೆಯಲ್ಲಿದ್ದೇನೆ. ಹಳೆಯ ದನಿಗಳನ್ನು ಇಟ್ಟುಕೊಳ್ಳಲಿಕ್ಕೆ ತಂಪು ಬೇಕು, ನಮ್ಮಲ್ಲಿ ತಂಪು ಪಾಲಿನ ಮೇಲೆ. ಒಂದು ಮನೆಗೆ ಇಷ್ಟು ಅಂತ ಕೊಡುತ್ತಾರೆ. ಅದರಲ್ಲೇ ಮದ್ದು, ಅದರಲ್ಲೇ ಮೀನು, ಅದರಲ್ಲೇ ತೀರಿಹೋದವರ ದನಿ. ಎರಡನೆಯ ಆಟಿಯಲ್ಲಿ ದೋಣಿ ಇಳಿಯುವುದಿಲ್ಲ, ಹಾಗಾಗಿ ಮೊದಲೇ ಮೀನು ತುಂಬಿಡಬೇಕು, ಇಲ್ಲದಿದ್ದರೆ ಒಣಮೀನು, ಕಡಲಪಾಚಿಯ ಗಂಜಿ. ಮೀನಿಗೆ ಜಾಗ ಸಾಲದಿದ್ದರೆ ಜನ ಅಜ್ಜನ ಹಾಡನ್ನು ಸೋಸುಮನೆಗೆ ತರುತ್ತಾರೆ. ಅದರ ಕಸ ತೆಗೆದು ಸಣ್ಣ ಮಾಡಿ ಕೊಡುವುದು ನಮ್ಮ ಕೆಲಸ. ರೆಕಾರ್ಡಿಂಗಿನ ಮೊದಲ ಎಂಟು ಉಸಿರಿನಷ್ಟು ಹೊತ್ತನ್ನು ಯಂತ್ರಕ್ಕೆ ತೋರಿಸಿ, ಇದು ಕಸ ಅನ್ನುತ್ತೇವೆ. ಹಾಡುವವರು ಬಾಯಿ ತೆರೆಯುವ ಮೊದಲು ಕೋಣೆಯ ಸದ್ದು ಮಾತ್ರ ಇರುತ್ತದಲ್ಲ, ಅದಕ್ಕೆ. ಆ ಹೊತ್ತಿನಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿದ್ದನ್ನು ಯಂತ್ರ ಹಿಡಿದುಕೊಂಡು, ಅದರ ಹಾಗೆ ಇರುವುದನ್ನೆಲ್ಲ ಕೊನೆಯವರೆಗೆ ಹೆಕ್ಕಿ ತೆಗೆಯುತ್ತದೆ. ಮೂಲವನ್ನು ಆ ದಿನವೇ ಅಳಿಸಬೇಕು, ಅದು ನಿಯಮ. ಸೋಸುವವರು ಕೇಳುವ ಕ್ರಮ ಇಲ್ಲ. ಕೇಳಿದರೂ ಎಂತ? ಹತ್ತು ವರ್ಷವಾದ ಮೇಲೆ ನಮಗೆ ಮರಗಿವಿ ಬರುತ್ತದೆ: ಕಿವಿಗೆ ಎಲ್ಲ ಕೇಳಿಸುತ್ತದೆ, ಒಳಗೆ ಏನೂ ಇಳಿಯುವುದಿಲ್ಲ. ನಾನು ಈ ಕೆಲಸಕ್ಕೆ ಸೇರಿ ಇಪ್ಪತ್ತೊಂದು ವರ್ಷವಾಯಿತು. ಅಮ್ಮ ಹೋದ ದಿನ ಮನೆಯಲ್ಲಿ ಎಲ್ಲರೂ ಅತ್ತರು. ನಾನು ಅಕ್ಕಿ ತೊಳೆದೆ.

ಕಳೆದ ವರ್ಷ ನಮ್ಮದೇ ಮನೆಯ ಪೆಟ್ಟಿಗೆ ಬಂತು, ಮಾವನ ಐದೂ ರೆಕಾರ್ಡಿಂಗು, ಅದರೊಟ್ಟಿಗೆ ನಿಮ್ಮ ನೋಟುಬುಕ್ಕು. ಊಟದ ಮೊದಲು ಐದನ್ನೂ ಸೋಸಿದೆ, ಮೂಲ ಅಳಿಸಿದೆ, ಕೈ ತೊಳೆದೆ. ನೋಟುಬುಕ್ಕು ತೆರೆದದ್ದು ಉಂಡಾದ ಮೇಲೆ. ನೀವು ಇನ್ನೂ ಬರೆದಿರದ ಒಂದು ಪುಟದಲ್ಲಿ ಹೀಗಿದೆ: ಮಾವ ಈ ಸಲವೂ ಕಾಯಲಿಲ್ಲ, ನಾನು ಮೊಬೈಲು ಒತ್ತುವಾಗ ಆಗಲೇ ಊದುತ್ತಿದ್ದರು, ಕೇಳಿದರೆ ದೇವರು ಹೊರಟ ಮೇಲೆ ವಾಲಗದವ ಕಾಯ್ಲಿಕ್ಕುಂಟಾ ಅನ್ನುತ್ತಾರೆ.

ಅವರ ಮನೆತನದಲ್ಲಿ ಯಾರೂ ಕಾದವರಲ್ಲ. ಉತ್ಸವಮೂರ್ತಿ ಎದ್ದ ಕ್ಷಣಕ್ಕೆ ಊದಬೇಕು. ಐದು ರೆಕಾರ್ಡಿಂಗಿನಲ್ಲೂ ಮೊದಲ ಎಂಟು ಉಸಿರು ಅವರ ಸ್ಯಾಕ್ಸೊಫೋನೇ. ನಾನು ಅದನ್ನೇ ಯಂತ್ರಕ್ಕೆ ತೋರಿಸಿ ಕಸ ಅಂದೆ. ಯಂತ್ರ ನಂಬಿತು.

ಉಳಿದದ್ದು ಇಷ್ಟು. ಮೊದಲನೆಯದರಲ್ಲಿ ಮಂಜುಗಡ್ಡೆ ಕಾರ್ಖಾನೆಯ ಮೋಟಾರು. ಎರಡನೆಯದರಲ್ಲಿ ಒಂಟಿ ಚೆಂಡೆ, ಯಾರಿಗೋ ಉತ್ತರ ಕೊಡುತ್ತಾ ಹೋಗುತ್ತದೆ. ಮೂರು ಮತ್ತು ನಾಲ್ಕರಲ್ಲಿ ಏನೂ ಇಲ್ಲ. ಐದನೆಯದರಲ್ಲಿ ನಲವತ್ತೊಂದು ನಿಮಿಷ ನಿಮ್ಮ ಮನೆ: ಫ್ಯಾನು, ಕುಕ್ಕರಿನ ನಾಲ್ಕು ವಿಶಿಲು, ನಿಮ್ಮ ಕೆಮ್ಮು. ಕೊನೆಗೆ ನೀವು, ಸಾಕಾ ಮಾವ, ಬಾಯಿ ನೋಯ್ತದಾ ಅಂತ ಕೇಳುತ್ತೀರಿ. ಕೆಳಗಿನ ಹಲ್ಲು ಉದುರಿದೆ, ಕಟ್ಟಿದ ಹಲ್ಲು ತೆಗೆದಿಟ್ಟು ಊದಿದರು ಅಂತ ನೋಟುಬುಕ್ಕಿನಲ್ಲಿದೆ. ನೋವೆಂತದು ಮಗಾ, ಇವತ್ತೇ ಸರಿ ಬಂದದ್ದು ಅನ್ನುತ್ತಾರೆ ಅವರು. ಎಪ್ಪತ್ತನಾಲ್ಕು ವರ್ಷಕ್ಕೆ ಸರಿ ಬಂದದ್ದನ್ನು ನಾನು ಊಟದ ಮೊದಲು ತೆಗೆದುಬಿಟ್ಟೆ.

ನನಗೆ ಅಳು ಬರಲಿಲ್ಲ. ಸುಳ್ಳು ಯಾಕೆ ಹೇಳಲಿ? ಅವತ್ತಿನಿಂದ ದಿನಾ ಆ ನಲವತ್ತೊಂದು ನಿಮಿಷ ಕೇಳುತ್ತೇನೆ. ಫ್ಯಾನಿನ ಸದ್ದು ಬಾಯಿಪಾಠವಾಗಿದೆ. ಅವರು ಎಲ್ಲಿ ಊದಿರಬಹುದು, ಎಲ್ಲಿ ಉಸಿರು ಎಳೆದಿರಬಹುದು ಅಂತ ಊಹಿಸುತ್ತಾ ಕೂರುತ್ತೇನೆ, ಗೊತ್ತಾಗುವುದಿಲ್ಲ. ಗಂಡನಿಗೆ ಹೇಳದ ಉತ್ತರ ಇದು: ಅಮ್ಮನನ್ನು ಕೊಂದದ್ದು ನಾನಲ್ಲ, ಜ್ವರ. ಇವರನ್ನು ಅಳಿಸಿದವಳು ನಾನು.

ಹಾಗಾಗಿ ಅಜ್ಜಿ, ಒಂದು ಉಪಕಾರ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಬರುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಮೊದಲೇ ಮೊಬೈಲು ಒತ್ತಿ ಕಿಟಕಿಯ ಹತ್ತಿರ ಇಟ್ಟುಬಿಡಿ. ಅವರಿಗೆ ಹೇಳಬೇಡಿ, ಕಾಯಿರಿ ಅಂದರೆ ಅವರು ಕೇಳುವ ಜನ ಅಲ್ಲ, ಕಾದರೆ ಅದು ಅವರ ಊದುವಿಕೆಯೂ ಅಲ್ಲ. ಎಂಟು ಉಸಿರು ಮನೆಯೊಂದೇ ಇರಲಿ. ಆ ಹೊತ್ತಿನಲ್ಲಿ ನೀವು ಮಾತಾಡಬೇಡಿ, ಮಾತಾಡಿದರೆ ನಿಮ್ಮ ದನಿಯೂ ಕಸದ ಲೆಕ್ಕಕ್ಕೆ ಹೋಗುತ್ತದೆ. ಇನ್ನೊಂದು, ಅದು ಅವರ ಕೊನೆಯ ರೆಕಾರ್ಡಿಂಗು. ಎಷ್ಟು ಹೊತ್ತು ಊದಿದರೂ ಊದಲಿ, ಒಲೆಯ ಕೆಲಸ ಅಂತ ಏಳಬೇಡಿ.

ಇದು ನಡೆದರೆ ನಾನು ಬಾಯಿಪಾಠ ಮಾಡಿದ ಫ್ಯಾನು ಹೋಗುತ್ತದೆ. ನಾನು, ಈ ಕಾಗದ ಬರೆದವಳು, ಅವರನ್ನು ಕೇಳುವುದಿಲ್ಲ. ಬೇರೆ ಒಬ್ಬಳು ರುಕ್ಕು ಇದೇ ಬೆಂಚಿನಲ್ಲಿ ಕೂತಿರುತ್ತಾಳೆ, ಕಸ ಹೋಗಿ ಅವರು ಉಳಿದಿರುತ್ತಾರೆ. ಅವಳೂ ಕೇಳದೆ ಪೆಟ್ಟಿಗೆಗೆ ಹಾಕಿಯಾಳು; ಕೇಳಿದರೂ ಅವಳಿಗೆ ಏನೂ ಇಳಿಯದಿರಬಹುದು. ಆದರೆ ಅವಳಿಗೆ ನಿಮಗೆ ಬರೆಯುವ ಕಾರಣ ಇರುವುದಿಲ್ಲ, ಅವಳ ಹಿಂದಂಚೆ ಕೈಯಲ್ಲೇ ಉಳಿದಿರುತ್ತದೆ. ಈ ಸಾಲನ್ನು ಮಾತ್ರ ಎರಡು ಸಲ ಹೊಡೆದುಹಾಕಿ ಬರೆದಿದ್ದೇನೆ, ಕ್ಷಮಿಸಿ. ನಾನು ಖರ್ಚು ಮಾಡಿದ್ದು ಅವಳಿಗೆ ಉಳಿಯಲಿ. ಅವಳು ಅಮ್ಮನಿಗೆ ಬರೆಯಲಿ.

ನಿಮ್ಮ,
ರುಕ್ಕು