ನೋಡಿ ಎಳೆದ ಗೆರೆ

ಫೆಬ್ರವರಿ 3, ಬೆಳಿಗ್ಗೆ 11
ಅಂಗನವಾಡಿಯಲ್ಲಿ ಬೆಳವಣಿಗೆ ಪರೀಕ್ಷೆ. ಹನ್ನೆರಡು ಮಕ್ಕಳದ್ದು ಮುಗಿಯಿತು. ಒಂಟಿ ಕಾಲಲ್ಲಿ ನಿಲ್ಲುವುದು, ಚೆಂಡು ಹಿಡಿಯುವುದು, ಮಣಿ ಪೋಣಿಸುವುದು — ಎಲ್ಲ ಸರಿ. ಗೆರೆ ಮಾತ್ರ ಕೆಟ್ಟಿದೆ. ನಾನೊಂದು ನೇರ ಗೆರೆ ಎಳೆದು ತೋರಿಸಬೇಕು, ಮಗು ನೋಡಿಕೊಂಡು ಕೆಳಗೆ ಎಳೆಯಬೇಕು. ಒಂಬತ್ತು ಮಕ್ಕಳದ್ದು ಗರಗಸದ ಹಲ್ಲು! ಯಾರೋ ಕೂರಿಸಿ ಕಲಿಸಿದ ಹಾಗಿದೆ. ಇಲ್ಲಿನ ಟೀಚರ್ ಮೇಲೇ ಅನುಮಾನ.

ಫೆಬ್ರವರಿ 4
ಟೀಚರನ್ನು ಕೇಳಿಯೇ ಬಿಟ್ಟೆ. "ಮೇಜು ಅಲ್ಲಾಡತ್ತೆ ಮೇಡಂ" ಅಂದಳು, ಮುಖ ನೋಡದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಜಿನ ಕಾಲಿಗೆ ರಟ್ಟು ಬೇರೆ ಮಡಚಿಟ್ಟಳು. ಏನೋ ಮುಚ್ಚಿಡುತ್ತಿದ್ದಾಳೆ. ಇಪ್ಪತ್ತು ವರ್ಷದ ಸರ್ವೀಸು ನನ್ನದು. ನನ್ನ ಕಿವಿಗೇ ಹೂವಿಡಲು ಬಂದಳು.

ಫೆಬ್ರವರಿ 9
ಬಾಯಿಬಡುಕಿಯ ಅಮ್ಮ ಬಂದಿದ್ದಳು. ಗರಗಸ ಎಳೆದ ಒಂಬತ್ತರಲ್ಲಿ ಒಬ್ಬಳು, ನಾಲ್ಕೂವರೆ ವರ್ಷದ ಹುಡುಗಿ; ಬಾಯಿಬಡುಕಿ ಅನ್ನೋದು ನಾನಿಟ್ಟ ಹೆಸರು. "ಮನೇಲಿ ಗುಂಡಿ ತಾನೇ ಹಾಕ್ಕೋತಾಳೆ ಮೇಡಂ. ಇನ್ನೊಂದ್ಸಲ ನೋಡಿ." ರಿಪೋರ್ಟಿನಲ್ಲಿ 'ಬೆಳವಣಿಗೆ ತಡ' ಎಂದಾಗಿದೆ. ಪಾಸಾದವರು ಮುಂದಿನ ತರಗತಿಗೆ ಹೋಗುತ್ತಾರೆ, ಅವಳು ಇಲ್ಲೇ. ಪಾಪ ಅನಿಸಿತು. ಟೀಚರ್ ಮೇಲೆ ದೂರು ಕಳಿಸಿದೆ. ಅವಳ ಕೆಲಸಕ್ಕೆ ಕುತ್ತು ಬಂದರೆ ಬರಲಿ.

ಫೆಬ್ರವರಿ 16, ಮಧ್ಯಾಹ್ನ
ಮರುಪರೀಕ್ಷೆ. ಬಾಯಿಬಡುಕಿ ಮತ್ತೆ ಗರಗಸ.
"ನೇರಕ್ಕೆ ಎಳಿ ಪುಟ್ಟಾ."
"ನಿಮ್ದೂ ಹೀಗೇ ಇದ್ಯಲ್ಲಾ!"
ನನ್ನ ಗೆರೆಯ ಮೇಲೆ ಬೆರಳಾಡಿಸಿ ತೋರಿಸಿದಳು. ಎಲ್ಲೆಲ್ಲಿ ನನ್ನದು ಡೊಂಕೋ ಅಲ್ಲಲ್ಲೇ ಅವಳದ್ದೂ. ಟೀಚರ್ ಪೆನ್ಸಿಲ್ ತೆಗೆದುಕೊಂಡು ಒಂದು ಗೆರೆ ಎಳೆದಳು. ಅದರ ಕೆಳಗೆ ಹುಡುಗಿಯದ್ದು — ನೇರ.
"ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಮೇಡಂ… ನಿಮ್ಮ ಕೈ…"
ನನ್ನನ್ನು ಸರಿಯಾಗಿ ನೋಡಿದ ಒಂಬತ್ತೂ ಮಕ್ಕಳನ್ನು ಫೇಲ್ ಮಾಡಿದ್ದೇನೆ. ನೋಡದೆ ಎಳೆದ ಮೂವರು ಪಾಸು.

ಅದೇ ದಿನ, ಸಂಜೆ
ಹೋದ ವರ್ಷದ ಹಾಳೆಗಳನ್ನು ತೆಗೆದೆ. ಜೂನ್‌ನಲ್ಲಿ ನನ್ನ ಗೆರೆ ನೇರ. ನವೆಂಬರ್‌ನಲ್ಲಿ ಸ್ವಲ್ಪ… ಅಪ್ಪನ ಕೈಲೂ ಹೀಗೇ ಲೋಟ ಕುಣಿಯುತ್ತಿತ್ತು. "ಸರಿಯಾಗಿ ಹಿಡ್ಕೊಳ್ಳಪ್ಪಾ" ಅಂತ ರೇಗುತ್ತಿದ್ದೆ. ಭಯವಾಗುತ್ತಿದೆ.

ಫೆಬ್ರವರಿ 19
ದೂರು ವಾಪಸ್ಸು, ಒಂಬತ್ತು ರಿಪೋರ್ಟ್ ರದ್ದು. ಫಾರಂನಲ್ಲಿ ಎಲ್ಲ ತುಂಬಿಯಾಯಿತು, 'ಕಾರಣ' ಒಂದು ಬಿಟ್ಟು. ಅದನ್ನು ಬರೆದರೆ ನನ್ನ ಕೆಲಸ ಹೋಗುತ್ತದೆ. ಮೇಜು ಅಲ್ಲಾಡುತ್ತಿತ್ತು ಎಂದು ಬರೆಯಬಹುದು. ಟೀಚರ್ ಹೂಂ ಅನ್ನುತ್ತಾಳೆ, ರಟ್ಟೂ ಅಲ್ಲೇ ಇದೆ.
ಬೇಡ. ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಕಾರಣ: ಪರೀಕ್ಷೆ ಮಾಡಿದವಳ ಕೈ —