ಖಾಲಿ ಕಾಗದದ ಕಂಟೇನರ್

ಏಪ್ರಿಲ್ ೯, ಬುಧವಾರ

ಪ್ರೀತಿಯ ಪಿಟೀಲು,

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಶಾಲೆಯ ನೂರ ಹದಿನಾಲ್ಕು ಮಕ್ಕಳೂ ಕ್ಷೇಮವಾಗಿರಲಿ. ಮೂರು ಪತ್ರ ಹಾಕಿದರೂ ಇವಳಿಂದ ಒಂದು ಸಾಲು ಉತ್ತರವಿಲ್ಲ ಎಂದು ಹಲ್ಲು ಕಡಿಯುತ್ತಿರುತ್ತೀಯ. ಕಡಿ, ಬೇಡವೆನ್ನುವುದಿಲ್ಲ. ತಪ್ಪು ನನ್ನದೇ. ಹಾಸ್ಟೆಲಿನಲ್ಲಿ ನಿನ್ನ ಕೀಚಲು ದನಿ ಕೇಳಿ ಪಿಟೀಲು ಎಂದು ಹೆಸರಿಟ್ಟವಳು ನಾನು. ಆ ದನಿ ಏರಿಸಿ ನೀನು ಬೈಯುವುದು ಸಮುದ್ರ ದಾಟಿ ಇಲ್ಲಿಗೂ ಕೇಳುತ್ತಿದೆ. ಆದರೆ ಈ ಸಲ ಬೈಯುವ ಸರದಿ ನನ್ನದು. ನಾಲ್ಕು ತಿಂಗಳ ಸಿಟ್ಟು ಕೂಡಿಟ್ಟುಕೊಂಡಿದ್ದೇನೆ. ನಿನ್ನ ಮುಂದಲ್ಲದೆ ಇನ್ಯಾರ ಮುಂದೆ ಕಾರಲಿ?

ಪುಸ್ತಕ ಎಲ್ಲಿ ಎಂದು ನಿಮ್ಮ ಶಾಲೆಯಿಂದ ನಮ್ಮ ಮ್ಯಾನೇಜರಿಗೆ ಆರು ಸಲ ಫೋನ್ ಬಂತಂತೆ. ಫೆಬ್ರವರಿಯಲ್ಲೇ ತರಗತಿ ಶುರುವಾದವು, ನೀನು ಬಾಯಲ್ಲೇ ಹೇಳಿ ಪಾಠ ನಡೆಸುತ್ತಿದ್ದೀಯ ಎಂದು ಅವರೇ ತಿಳಿಸಿದರು. ನಾವಿಬ್ಬರೂ ಕಣ್ಣಿಲ್ಲದೆ ಬೆಳೆದವರು. ಬಾಯಿಪಾಠದಿಂದ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಭಾಗಾಕಾರವನ್ನು ಯಾರಾದರೂ ಕಿವಿಯಲ್ಲಿ ಕಲಿತದ್ದುಂಟೆ?

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನವೆಂಬರ್ ಕೊನೆಗೆ ನಮ್ಮ ಮುದ್ರಣಾಲಯದಲ್ಲಿ ಎಲ್ಲ ಸಿದ್ಧವಾಗಿತ್ತು. ಕಣ್ಣಿದ್ದವರ ಒಂದು ಗಣಿತ ಪುಸ್ತಕ ನಮ್ಮ ಬ್ರೈಲಿಗೆ ಬಂದರೆ ಹನ್ನೊಂದು ದಪ್ಪ ಸಂಪುಟ. ಹೀಗೆ ಗಣಿತ, ಕಥೆ ಎಲ್ಲ ಸೇರಿ ನಾಲ್ಕು ತರಗತಿಗೆ ಒಟ್ಟು ಸಾವಿರದ ಒಂಬೈನೂರು ಸಂಪುಟ. ವಿಮಾನದಲ್ಲಿ ಕಳಿಸುವ ಮಾತೇ ಇರಲಿಲ್ಲ. ಇಪ್ಪತ್ತು ಅಡಿಯ ಒಂದು ಕಂಟೇನರ್ ಗೊತ್ತುಮಾಡಿದೆವು. ನಮ್ಮ ಬೈಂಡರ್ ಮಾವ, ಮೂವತ್ತು ವರ್ಷದಿಂದ ಇಲ್ಲಿ ಪುಸ್ತಕ ಹೊಲಿಯುತ್ತಿರುವವರು, ಎರಡು ದಿನ ಲಾರಿಯ ಹಿಂದೆಯೇ ನಿಂತು ಪೆಟ್ಟಿಗೆ ಏರಿಸಿದರು. ಮೇಲಿನ ಭಾರ ಕೆಳಗೆ ಬಿದ್ದರೆ ಚುಕ್ಕಿಗಳೆಲ್ಲ ಚಪ್ಪಟೆಯಾಗುತ್ತವೆ ಎಂಬ ಭಯ ಅವರಿಗೆ. ಹಮಾಲರಿಗೆ, “ಬಸುರೀನ ಮೆಟ್ಟಿಲು ಹತ್ತಿಸೋ ಹಾಗೆ ಹತ್ತಿಸ್ರಪ್ಪ,” ಎಂದು ಗೋಗರೆಯುತ್ತಿದ್ದರು. ತೇವ ಹೀರುವ ಚೀಲಗಳನ್ನು ಗೋಡೆಯುದ್ದಕ್ಕೂ ತಾವೇ ಕಟ್ಟಿದರು. ಬಾಗಿಲು ಮುಚ್ಚಿ ಸೀಲು ಹಾಕಿದ ಸದ್ದು ಕೇಳಿ ನಾನು ನಿರಾಳವಾಗಿ ಮನೆಗೆ ಹೋದೆ. ಎಂಥ ಪೆದ್ದಿ ನಾನು.

ಒಂಬತ್ತನೇ ದಿನ ಹಡಗು ಏಜೆಂಟ್ ಫೋನ್ ಮಾಡಿದ. ಅವನಿಗೆ ನಾವಿಟ್ಟ ಹೆಸರು ‘ನಾಳೆ’. ಏನು ಕೇಳಿದರೂ ನಾಳೆ ಆಗುತ್ತದೆ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅವತ್ತು ಮಾತ್ರ ದನಿ ಇಳಿದಿತ್ತು.

“ಮೇಡಂ, ಸಣ್ಣದೊಂದು ತೊಂದರೆ. ಕಸ್ಟಮ್ಸ್‌ನೋರು ಪೆಟ್ಟಿಗೆ ತೆಗೆದು ನೋಡಿದ್ರಂತೆ. ಒಳಗೆ ಪುಸ್ತಕ ಇಲ್ಲ ಅಂತಿದ್ದಾರೆ.”

“ಇಲ್ಲ ಅಂದ್ರೆ? ಯಾರಾದ್ರೂ ಕದ್ರಾ?”

“ಕದ್ದಿಲ್ಲ. ಪುಸ್ತಕದ ಥರಾನೇ ಇದೆ, ಆದ್ರೆ ಅದ್ರಲ್ಲಿ ಏನೂ ಬರ್ದಿಲ್ವಂತೆ. ಖಾಲಿ ಕಾಗದಾನ ಪುಸ್ತಕ ಅಂತ ಸುಳ್ಳು ಹೇಳಿ ಕಳಿಸ್ತಿದ್ದೀರಿ ಅಂತ ಬರ್ಕೊಂಡುಬಿಟ್ಟಿದ್ದಾರೆ.”

ನನಗೆ ನಗು ಬಂತು. ಆಮೇಲೆ ಹನ್ನೊಂದು ದಿನ ನಗು ಬರಲಿಲ್ಲ. ಮ್ಯಾನೇಜರ್ ಪತ್ರ ಬರೆದುಕೊಟ್ಟರು. ಒಂದನೇ ಕೌಂಟರಿನವರು ಇದಕ್ಕೆ ಬೇರೆ ಫಾರಂ ಇದೆ ಎಂದರು. ಎರಡನೇ ಕೌಂಟರಿನವರು ಆ ಫಾರಂ ನಿಂತುಹೋಗಿ ವರ್ಷವಾಯಿತು ಎಂದರು. ಮೂರನೆಯವರು ಊಟಕ್ಕೆ ಹೋಗಿದ್ದರು. ಬಂದವರು, ಒಂದನೇ ಕೌಂಟರಿಗೆ ಹೋಗಿ ಎಂದರು. ಬೈಂಡರ್ ಮಾವ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಇಳಿಸಿ, “ಈ ಕಟ್ಟಡದ ಮೆಟ್ಟಿಲೆಲ್ಲ ನಂಗೆ ಬಾಯಿಪಾಠ ಆಗೋಯ್ತು,” ಎಂದರು. ಕೊನೆಗೆ ಯಾರೋ ಪುಣ್ಯಾತ್ಮರು, ಓದಲು ಬರುವವರು ಬಂದು ಅಧಿಕಾರಿಯ ಎದುರಿಗೇ ಓದಿ ತೋರಿಸಿದರೆ ಸಾಕು ಎಂದು ತೀರ್ಮಾನಿಸಿದರು. ಓದುವವಳು ಇನ್ಯಾರು? ಮುದ್ರಣಾಲಯದ ಕರಡು ತಿದ್ದುವವಳು ನಾನೇ ತಾನೇ. ಹೋದೆ.

ಬಂದರಿನ ಶೆಡ್ಡು ಎಂದರೆ ತಗಡಿನ ಸೂರಿನ ಕೆಳಗೊಂದು ಗದ್ದಲ. ಪೆಟ್ಟಿಗೆ ಎತ್ತುವ ಗಾಡಿಗಳು ಹಿಂದಕ್ಕೆ ಸರಿಯುವಾಗ ಕೀಂ ಕೀಂ ಎನ್ನುತ್ತವೆ, ಯಾವ ಕಡೆಯಿಂದ ಬರುತ್ತಿವೆ ಎಂದೇ ತಿಳಿಯುವುದಿಲ್ಲ. ಡೀಸೆಲ್ ವಾಸನೆಗೆ ತಲೆ ಸುತ್ತುತ್ತಿತ್ತು. ನಮ್ಮ ಪೆಟ್ಟಿಗೆಗಳನ್ನು ಒದ್ದೆ ನೆಲದ ಮೇಲೆ ಹಾಗೇ ಇಟ್ಟಿದ್ದರು. ಬೈಂಡರ್ ಮಾವ ಅದನ್ನು ನೋಡಿ ಒಂದೊಂದಾಗಿ ಎತ್ತಿ ಹಲಗೆಯ ಮೇಲಿಡತೊಡಗಿದರು. ಅಧಿಕಾರಿ ಕೆಮ್ಮುತ್ತಾ ಬಂದ. ವಯಸ್ಸು ನಲವತ್ತರ ಆಸುಪಾಸು ಇರಬೇಕು, ಶೀತದ ದನಿ.

“ನೋಡೀಮ್ಮ, ನಾನೇನು ನಿಮ್ಮ ಮೇಲೆ ಹಗೆ ಸಾಧಿಸ್ತಿಲ್ಲ. ನನ್ನ ಕಣ್ಣಿಗೆ ಏನೂ ಕಾಣಲ್ಲ, ಪುಸ್ತಕ ಅಂತ ಹೇಗೆ ಸಹಿ ಹಾಕ್ಲಿ?”

“ನನ್ನ ಕಣ್ಣಿಗೂ ಏನೂ ಕಾಣಲ್ಲ ಸ್ವಾಮಿ. ಹಾಗಂತ ನಿಮ್ಮನ್ನ ಇಲ್ಲ ಅಂತ ಬರ್ಕೊಂಡ್ನಾ?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಒಂದು ಸಂಪುಟ ತೆಗೆದು ನನ್ನ ಕೈಗಿತ್ತ. ಬೆನ್ನಿನ ಮೇಲಿನ ಚೀಟಿ ಓದಿ ಬೈಂಡರ್ ಮಾವ, “ಐದನೇ ತರಗತಿ ಕಥೆಗಳು, ಎರಡನೇ ಸಂಪುಟ,” ಎಂದರು. “ಮೊದಲನೇ ಪುಟ ಓದಿ,” ಎಂದ ಅಧಿಕಾರಿ. ಕೊಡೆ ರಿಪೇರಿ ಮಾಡುವ ಮುದುಕನ ಕಥೆ ಅದು. ಊರಿಗೆಲ್ಲ ಕೊಡೆ ಸರಿಮಾಡಿಕೊಟ್ಟು ತಾನು ನೆನೆಯುತ್ತಾ ಹೋಗುತ್ತಾನಲ್ಲ, ಅವನು. ನಾನು ಪುಟದ ಮೇಲೆ ಕೈಯಾಡಿಸುತ್ತಾ ಶುರುಮಾಡಿದೆ. ಎರಡನೇ ಪುಟಕ್ಕೆ ಬರುವಾಗ ಗಾಡಿಗಳ ಸದ್ದು ನಿಂತಿತ್ತು. ಹಮಾಲರೂ ಸುತ್ತ ಬಂದು ನಿಂತಿದ್ದರು.

“ಇದ್ರಲ್ಲಿ ಮುದುಕ ಅನ್ನೋ ಪದ ಎಲ್ಲಿದೆ? ತೋರ್ಸಿ,” ಎಂದ ಅಧಿಕಾರಿ.

ನಾನು ಅವನ ಬೆರಳು ಹಿಡಿದು ಒಂದು ಕಡೆ ಒತ್ತಿದೆ. ಮಗುವಿನ ಹಾಗೆ ಸುಮಾರು ಹೊತ್ತು ಅಲ್ಲೇ ಸವರುತ್ತಾ ನಿಂತ. “ಮರಳು ಮುಟ್ಟಿದ ಹಾಗಿದೆ,” ಎಂದ. ಆಮೇಲೆ ಮೂಗು ಸೀಟಿಕೊಂಡು, ಕಾಗದ ತರಿಸಿ ಸಹಿ ಹಾಕಿದ. ಹೊರಡುವಾಗ ಒಬ್ಬ ಹಮಾಲ, “ಅಮ್ಮಾ, ಆ ಮುದುಕಂಗೆ ಕೊನೇಗಾದ್ರೂ ಕೊಡೆ ಸಿಕ್ತಾ?” ಎಂದು ಕೇಳಿದ. ಸಿಕ್ಕಿತು ಎಂದು ಹೇಳಿ ಬಂದೆ.

ಇಲ್ಲಿಗೆ ಗೋಳು ಮುಗಿಯಿತೆಂದುಕೊಂಡೆಯಾ? ಡಿಸೆಂಬರ್ ಇಪ್ಪತ್ತೆರಡಕ್ಕೆ ಹಡಗು ಹೊರಟಿತು. ಅದು ನೇರ ನಿನ್ನಲ್ಲಿಗೆ ಬರುವ ಹಡಗಲ್ಲ. ನಡುವೆ ಒಂದು ದೊಡ್ಡ ಬಂದರಿನಲ್ಲಿ ಇಳಿಸಿ, ಬೇರೆ ಹಡಗಿಗೆ ಏರಿಸಬೇಕು. ಇಳಿಸಿದರು. ಏರಿಸಲಿಲ್ಲ. ಹಡಗು ತುಂಬಿತ್ತಂತೆ, ನಮ್ಮದನ್ನು ಮುಂದಿನದಕ್ಕೆ ಬಿಟ್ಟರಂತೆ. ಮುಂದಿನದು ಬಂತು, ಅದೂ ತುಂಬಿತ್ತು. ಮೂರನೆಯದು ಆ ಬಂದರಿಗೆ ಬರದೆ ದೂರದಿಂದಲೇ ಹಾದುಹೋಯಿತು. ಹೀಗೆ ಜನವರಿ ಹೋಯಿತು, ಫೆಬ್ರವರಿ ಹೋಯಿತು.

ದಿನಾ ಬೆಳಗ್ಗೆ ಎದ್ದವಳೇ ಫೋನಿನಲ್ಲಿ ನಮ್ಮ ಕಂಟೇನರಿನ ಸಂಖ್ಯೆ ಒತ್ತುತ್ತಿದ್ದೆ. ಹೆಂಗಸಿನ ದನಿಯ ಆ ಯಂತ್ರ, ಇಳಿಸಲಾಗಿದೆ ಎಂದು ಅದೇ ರಾಗದಲ್ಲಿ ಹೇಳುತ್ತಿತ್ತು. ಒಲೆಯ ಮೇಲಿನ ಹಾಲು ಉಕ್ಕಿದರೂ ನನಗೆ ಗೊತ್ತಾಗುತ್ತಿರಲಿಲ್ಲ. ನಮ್ಮವರು ರಿಪೇರಿಗೆ ಬಂದ ಗಡಿಯಾರ ಬಿಚ್ಚಿಟ್ಟುಕೊಂಡು ಕೂತಲ್ಲಿಂದಲೇ, “ನೀನು ಬೈಯೋದು ಕೇಳಿ ಹೆದ್ರಿಕೊಂಡಿರ್ಬೇಕು ಆ ಹಡಗು, ಅದ್ಕೇ ಬರ್ತಿಲ್ಲ,” ಎನ್ನುತ್ತಿದ್ದರು. ಮೊದಲೆಲ್ಲ ನಗುತ್ತಿದ್ದೆ. ಮಾರ್ಚಿನಲ್ಲಿ ಒಂದು ದಿನ ಆ ಮಾತಿಗೆ ಕೈಯಲ್ಲಿದ್ದ ಲೋಟ ಎಸೆದುಬಿಟ್ಟೆ. ಅವರು ಎದ್ದು ಚೂರು ಗುಡಿಸಿದರು. ಗಾಜು ಚುಚ್ಚಬಾರದೆಂದು ನನ್ನನ್ನು ಕುರ್ಚಿಯ ಮೇಲೆ ಕಾಲೆತ್ತಿ ಕೂರಿಸಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹಡಗು ಕಂಪನಿಗೆ ಫೋನ್ ಮಾಡಿದರೆ ಅರ್ಧ ಗಂಟೆ ಸಂಗೀತ, ಆಮೇಲೆ ಒಬ್ಬಳು ಹುಡುಗಿ. “ನಿಮ್ದು ಒಂದೇ ಕಂಟೇನರ್ ಅಲ್ವಾ ಮೇಡಂ, ಇನ್ನೂರು ಮುನ್ನೂರು ಕಳಿಸೋರು ಇರ್ತಾರೆ, ಅವರದ್ದು ಮೊದಲು ಹೋಗುತ್ತೆ,” ಎಂದಳು. ಆ ಹುಡುಗಿಯದೇನು ತಪ್ಪು, ಹೇಳಿಕೊಟ್ಟದ್ದನ್ನು ಹೇಳಿದಳು. ಆದರೂ ಮೈಯೆಲ್ಲ ಉರಿದುಹೋಯಿತು. ಇಷ್ಟು ತಿಂಗಳು ಬಿಸಿಲಲ್ಲಿ ನಿಂತ ಕಬ್ಬಿಣದ ಪೆಟ್ಟಿಗೆ ಹಗಲು ಕಾದು, ಸಂಜೆ ತಣಿದು ಒಳಗೇ ಬೆವರುತ್ತದೆ ಎಂದು ಬೈಂಡರ್ ಮಾವ ಮೊದಲೇ ಹೆದರಿಸಿದ್ದರು. ಸೂರಿನಿಂದ ಆ ಬೆವರು ತೊಟ್ಟಿಕ್ಕಿದರೆ ಕಾಗದ ಮೆತ್ತಗಾಗುತ್ತದೆ, ಚುಕ್ಕಿ ಕೂತುಹೋಗುತ್ತದೆ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಆ ಕಂಪನಿಯ ಕಚೇರಿಗೇ ಹೋಗಿ, ಬಾಗಿಲಿನ ಎದುರಿನ ಕುರ್ಚಿಯಲ್ಲಿ ಕೋಲು ಅಡ್ಡ ಇಟ್ಟುಕೊಂಡು ಕೂತೆ. ಎಡವದೆ ಯಾರೂ ಒಳಹೋಗುವಂತಿರಲಿಲ್ಲ. ಮೊದಲ ದಿನ ನೀರು ಕೊಟ್ಟರು. ಎರಡನೇ ದಿನ ಕುರ್ಚಿ ಪಕ್ಕಕ್ಕೆ ಸರಿಸಬಹುದೇ ಎಂದು ಕೇಳಿದರು. ಮೂರನೇ ದಿನ ದೊಡ್ಡ ಸಾಹೇಬರೇ ಹೊರಗೆ ಬಂದರು.

“ಅಮ್ಮಾ, ಅಲ್ಲಿ ಹನ್ನೆರಡು ಸಾವಿರ ಪೆಟ್ಟಿಗೆ ಇದಾವೆ. ನಿಮ್ಮದು ಅಡಿಯಲ್ಲಿದೆ. ಅದನ್ನ ತೆಗೀಬೇಕಾದ್ರೆ ಮೇಲಿನ ನಾಲ್ಕನ್ನ ಇಳಿಸ್ಬೇಕು.”

“ಇಳಿಸಿ.”

“ಅಷ್ಟು ಸುಲಭ ಅಲ್ಲಮ್ಮ ಅದು.”

“ಸುಲಭ ಅಂತ ನಾನೆಲ್ಲಿ ಅಂದೆ? ಇಳಿಸಿ ಅಂದೆ.”

ಅವರು ನಿಟ್ಟುಸಿರುಬಿಟ್ಟು ಅಲ್ಲೇ ನಿಂತು ಯಾರಿಗೋ ಫೋನ್ ಮಾಡಿದರು. ಒಂಟಿ ಕಂಟೇನರ್, ಮಕ್ಕಳ ಪುಸ್ತಕ, ಇಲ್ಲೊಬ್ಬರು ಎದ್ದೇಳುತ್ತಿಲ್ಲ ಎಂದೆಲ್ಲ ಹೇಳಿದರು. ನಾಲ್ಕನೇ ದಿನವೂ ಹೋಗಿ ಕೂತೆ, ಮಾತಿನ ಮೇಲೆ ನನಗೆ ನಂಬಿಕೆ ಹೋಗಿತ್ತು. ಐದನೇ ದಿನ, ಅಂದರೆ ಕಳೆದ ಶುಕ್ರವಾರ, ‘ನಾಳೆ’ಯೇ ಓಡಿಬಂದ. “ಮೇಡಂ, ಏರಿಸಿಬಿಟ್ರು. ಹಡಗು ಹೊರಟಾಯ್ತು. ಈ ತಿಂಗಳು ಇಪ್ಪತ್ತೆರಡಕ್ಕೆ ಅಲ್ಲಿ.” ನಾಳೆ ಎನ್ನದೆ ಅವನು ಆಡಿದ ಮೊದಲನೇ ಮಾತು ಅದು. ನಂಬಲಾಗದೆ ಫೋನಿನಲ್ಲಿ ಸಂಖ್ಯೆ ಒತ್ತಿದೆ. ಏರಿಸಲಾಗಿದೆ ಎಂದಿತು ಯಂತ್ರ. ಅಲ್ಲೇ ಕೂತು ಅತ್ತೆ. ಖುಷಿಗೆಂದು ಅವನು ತಿಳಿದುಕೊಂಡ, ನಾನು ತಿದ್ದಲಿಲ್ಲ.

ಬಂದ ಕೂಡಲೇ ಪೆಟ್ಟಿಗೆಗಳಿಗೆ ಕೈ ಹಾಕಬೇಡ. ಬಾಗಿಲು ತೆರೆದು ಅರ್ಧ ದಿನ ಗಾಳಿ ಆಡಲು ಬಿಡು. ಸಂಪುಟಗಳನ್ನು ಮಲಗಿಸಬೇಡ, ನಿಲ್ಲಿಸಿಡು. ನೆಂದದ್ದು ಸಿಕ್ಕರೆ ನೆರಳಲ್ಲಿ ಹರಡು. ಮಕ್ಕಳಿಗೆಲ್ಲ ಈ ದೊಡ್ಡಮ್ಮನ ಆಶೀರ್ವಾದ ಹೇಳು. ಓದಿ ದೊಡ್ಡವರಾಗಲಿ, ಯಾವ ಕೌಂಟರಿನ ಮುಂದೆಯೂ ತಲೆ ತಗ್ಗಿಸದಿರಲಿ. ನಿನ್ನ ಮೊಣಕಾಲು ನೋಯದಿರಲಿ, ದನಿ ಹಾಗೇ ಕೀಚಲಾಗಿರಲಿ.

ಇಂತು ನಿನ್ನ
ಜಗಳಗಂಟಿ

ಮರೆತದ್ದು: ಮರೆತಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಕೇಳು. ಆ ಶೆಡ್ಡಿನಲ್ಲಿ ನಾನು ಓದಲಿಲ್ಲ. ಆ ಕಥೆಯನ್ನು ಬೇಸಿಗೆಯಲ್ಲಿ ನಾಲ್ಕು ಸಲ ತಿದ್ದಿದ್ದೆ, ಬಾಯಿಗೆ ಬರುತ್ತಿತ್ತು, ಒಪ್ಪಿಸಿದೆ. ಅಧಿಕಾರಿಯ ಬೆರಳನ್ನು ಎಲ್ಲಿ ಒತ್ತಿದೆನೋ ನನಗೇ ಗೊತ್ತಿಲ್ಲ. ಸಕ್ಕರೆ ಕಾಯಿಲೆ ನರಗಳಿಗೆ ಇಳಿದಿದೆ ಎಂದರು ಡಾಕ್ಟರು. ಮೊದಲು ಕಾಲು ಜೋಮು ಹಿಡಿಯಿತು, ಅಕ್ಟೋಬರಿನಿಂದ ಬೆರಳು. ಈಗ ಚುಕ್ಕಿಗಳ ಮೇಲೆ ಕೈಯಾಡಿಸಿದರೆ ನೀರಿನ ಮೇಲೆ ಆಡಿಸಿದಂತೆ. ಈ ಪತ್ರ ಬರೆಯುವ ಬ್ರೈಲ್ ಯಂತ್ರದ ಆರು ಕೀಲಿ ಒತ್ತುವುದು ಅಭ್ಯಾಸಬಲದಿಂದ ನಡೆಯುತ್ತಿದೆ; ಬರೆದದ್ದನ್ನು ತಿರುಗಿ ಓದಲಾರೆ. ನಿನ್ನ ಮೂರು ಪತ್ರಗಳಲ್ಲಿ ಏನಿದೆಯೋ ತಿಳಿಯದು. ನಮ್ಮವರಿಗೂ ಹೇಳಿಲ್ಲ.

ಇದಕ್ಕಿಂತ ದೊಡ್ಡದೊಂದಿದೆ. ಏಳನೇ ತರಗತಿಯ ಗಣಿತದ ಕೊನೆಯ ಮೂರು ಸಂಪುಟಗಳ ಕರಡು ನನ್ನ ಕೈಗೆ ಬಂದದ್ದು ನವೆಂಬರಿನಲ್ಲಿ. ಆಗದು ಎಂದು ಬಾಯಿಬಿಟ್ಟು ಹೇಳಿದ್ದರೆ ಮೂವತ್ತೊಂದು ವರ್ಷದ ಕೆಲಸ ಅಂದೇ ಮುಗಿಯುತ್ತಿತ್ತು. ಪುಟ ತಿರುವಿದೆ, ಸರಿಯಿದೆ ಎಂದೆ, ಅಚ್ಚಾಯಿತು. ಒಂಬತ್ತು, ಹತ್ತು, ಹನ್ನೊಂದು. ಅವನ್ನು ಮಕ್ಕಳಿಗೆ ಕೊಡಬೇಡ. ಮೊದಲು ನೀನು ಸಾಲು ಸಾಲಾಗಿ ಓದು. ತಪ್ಪು ಸಿಕ್ಕರೆ ನಮ್ಮ ಮ್ಯಾನೇಜರಿಗೆ ತಿಳಿಸು. ಅಷ್ಟರಲ್ಲಿ ನಾನೇ ಅವರಿಗೆ ಹೇಳಿರುತ್ತೇನೆ. ಹೇಳದಿದ್ದರೆ ನೀನೇ ನನ್ನ ಹೆಸರು ಹಿಡಿದು ಹೇಳು. ನನಗೆ ಮಾತ್ರ ಇನ್ನು ಬರೆಯಬೇಡ. ಫೋನ್ ಮಾಡು.