ಮೂರು ಸಲ ಕೂಗಿದ ಮೇಲೆ

ಜುಲೈ ೨೩, ಗುರುವಾರ
ಆಸ್ಪತ್ರೆಯ ವರಾಂಡ, ಊಟದ ಹೊತ್ತು

ನನ್ನ ಗುಬ್ಬಿ ಮರಿಗೆ,

ಅಪ್ಪ ಮಾಡುವ ಆಶೀರ್ವಾದ. ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ತಡ ಮಾಡಿದ್ದಕ್ಕೆ ಈ ಮುದುಕನನ್ನು ಕ್ಷಮಿಸಿಬಿಡು. ಫೋನು ಎತ್ತುವುದಿಲ್ಲ ಅಂತ ಬೈದಿದ್ದೀಯ. ನಾಟಕದವನಮ್ಮ ನಾನು; ಮಾತನ್ನು ತಂತಿಯಲ್ಲಿ ಸೋರಿಸಲಾರೆ, ಕಾಗದದ ಮೇಲೆ ನಿಲ್ಲಿಸಿ ಹೇಳಬೇಕು.

ಮೊದಲು ಸುದ್ದಿ. ಮೇವಿನ ಹುಲ್ಲಿನ ಬೀಜವೆಲ್ಲ ಗೋದಾಮು ಸೇರಿತು. ಲಾನ್ ಹುಲ್ಲಿನದು ಎರಡು ಹೊಲ ಬಾಕಿ. ಇಬ್ಬನಿ ಆರುವ ಮೊದಲೇ ಕೊಯ್ದು ಸಾಲಾಗಿ ಮಲಗಿಸುತ್ತಿದ್ದಾರೆ. ಬಿಸಿಲೇರಿದರೆ ಬೀಜ ಉದುರಿ ಮಣ್ಣುಪಾಲು. ನನ್ನ ಒಕ್ಕಣೆ ಯಂತ್ರವನ್ನು ಈಗ ಬೇರೆ ಡ್ರೈವರ್ ಓಡಿಸುತ್ತಿದ್ದಾನೆ. ನಾನು ಬೆಳಗ್ಗೆಯಿಂದ ಸಂಜೆವರೆಗೆ ನಿನ್ನ ಗಂಡನ ಮಂಚದ ಪಕ್ಕ, ಸ್ಟೂಲಿನ ಮೇಲೆ. ಗಾಯ ಮಾಗುತ್ತಿದೆ. ಮಣಿಕಟ್ಟಿನಿಂದಾಚೆ ಬಲಗೈ ಇಲ್ಲ, ಅಷ್ಟೆ. ನಿನ್ನೆ ಎಡಗೈಯಲ್ಲೇ ಶರ್ಟಿನ ಗುಂಡಿ ಹಾಕಿಕೊಳ್ಳಲು ಹೋಗಿ, ಮೂರನೆಯದಕ್ಕೆ ಸೋತು ಹಾಗೇ ಬಿಟ್ಟ. ನಾನು ಹಾಕಲು ಹೋದರೆ ಬೇಡವೆಂದು ತಲೆಯಾಡಿಸಿದ.

ನೀನು ಬಂದ ದಿನ ಅವನ ಮುಖಕ್ಕೆ ಕೇಳಿದ್ದನ್ನೇ ಕಾಗದದಲ್ಲೂ ಬರೆದಿದ್ದೀಯ: “ಒಂದು ಓ ಅನ್ನೋಕೆ ಅವನ ಬಾಯಿಗೆ ಏನಾಗಿತ್ತು?” ಇಂಥ ಅಜಾಗರೂಕನ ಜೊತೆ ಬಾಳಲಾರೆ ಅಂತ ಮಗುವನ್ನೆತ್ತಿಕೊಂಡು ಸಂಜೆ ಬಸ್ಸಿಗೇ ಹೊರಟುಹೋದೆ. ಗುಬ್ಬಿ, ಅವನ ಪರವಾಗಿ ನಾಲ್ಕು ಮಾತು ಕೇಳು.

ಮೇವಿನ ಹುಲ್ಲು ಮುಗಿಸಿ ಲಾನ್ ಹುಲ್ಲಿಗೆ ಇಳಿಯುವ ಮೊದಲು ಯಂತ್ರದ ಹೊಟ್ಟೆಯನ್ನು ಗಾಳಿ ಊದಿ, ಬ್ರಶ್ ಹಾಕಿ ಬರಿದು ಮಾಡಬೇಕು. ಒರಟು ಹುಲ್ಲಿನ ಹತ್ತು ಬೀಜ ಉಳಿದರೂ ಸಾಕು, ಬೀಜ ಪರೀಕ್ಷೆಯವಳು ಭೂತಗನ್ನಡಿಯಲ್ಲಿ ಹಿಡಿದು ಮೂಟೆಗಳನ್ನೆಲ್ಲ ವಾಪಸ್ಸು ಕಳಿಸುತ್ತಾಳೆ. ಒಳಗೆ ತೂರುವ ಕೆಲಸ ಸಣಕಲ ನಿನ್ನ ಗಂಡನದು. ಅವನು ಹೊರಗೆ ಬಂದು ನಿಂತ ಮೇಲೆ ನಾನು ಸೀಟಿನಿಂದೆದ್ದು, ಕೊನೆಯ ಸಾಲಿನ ಪ್ರೇಕ್ಷಕನ ಎದೆಗೂ ಬಡಿಯುವಂತೆ, “ಒಳಗಿರುವವರಾರು?” ಎಂದು ಮೂರು ಸಲ ಗುಡುಗುತ್ತೇನೆ. ಕೀಲಿ ತಿರುಗಿಸುವುದು ಆಮೇಲೆ. “ಮೆಲ್ಲಗೆ ಮಾವ, ನೀವು ಕೂಗಿದ್ರೆ ಪಕ್ಕದ ಹೊಲದ ಬೀಜವೂ ಉದುರುತ್ತೆ” ಅಂತ ಅವನ ತಮಾಷೆ.

ಆ ದಿನ ಹೊರಗೆ ಬಂದವನು, ಬೀಜ ತಳ್ಳುವ ತಿರುಪಿನ ಸಂದಿಯಲ್ಲಿ ಇನ್ನೊಂದು ಹಿಡಿ ಉಳಿದಿದೆಯೆಂದು ಮತ್ತೆ ಒಳಗೆ ಹೋದ. ನಾನು ನೋಡಲಿಲ್ಲ. ಮೂರು ಸಲ ಕೂಗಿದೆ. ತಿರುಗಿಸಿದೆ.

ವಿಚಾರಣೆಯವರ ಮುಂದೆ ಅವನು ಕೊಟ್ಟ ಹೇಳಿಕೆ ಇಷ್ಟೇ: “ಮಾವ ಕೂಗಿದ್ರು. ನಾನೇ ಓ ಅನ್ನಲಿಲ್ಲ.” ಕೆಳಗೆ ಎಡಗೈಯಲ್ಲಿ ಸೊಟ್ಟಪಟ್ಟ ಸಹಿ. ಕಡತ ಮುಚ್ಚಿತು. ನಿಮ್ಮದೇನೂ ತಪ್ಪಿಲ್ಲ ಅಂತ ಮೇಸ್ತ್ರಿ ನನ್ನ ಬೆನ್ನು ತಟ್ಟಿದ.

ಬಾ ತಾಯಿ. ಬಂದು ಆ ಮೂರನೆಯ ಗುಂಡಿ ಹಾಕು. ಮಗುವಿಗೆ ತಾತನ ಮುತ್ತು. ನಿನ್ನ ಮನೆ ತಣ್ಣಗಿರಲಿ, ನಿನ್ನ ಕೋಪ ನನ್ನ ತಲೆಯ ಮೇಲಿರಲಿ.

ನಿನ್ನ
ಅಪ್ಪ

ಸಹಿ ಹಾಕಿದ ಮೇಲೆ: ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ, ಗುಬ್ಬಿ. ಎರಡು ವರ್ಷವಾಯಿತು. ಫೋನು ಎತ್ತದಿರುವುದು ಅದಕ್ಕೇ. ಎದುರಿನವರ ತುಟಿ ನೋಡಿ ಅಂದಾಜಿನಲ್ಲಿ ಬದುಕುತ್ತಿದ್ದೇನೆ. ಯಂತ್ರದಿಂದ ಇಳಿಸಿಬಿಡುತ್ತಾರೆಂದು ಹೆದರಿ ಯಾರಿಗೂ ಹೇಳಲಿಲ್ಲ. ಗೊತ್ತಿದ್ದವನು ನಿನ್ನ ಗಂಡನೊಬ್ಬನೇ. ಕಂಪನಿಯ ಡಾಕ್ಟರು ನನ್ನ ಬೆನ್ನ ಹಿಂದೆ ನಿಂತು ಪಿಸುಗುಟ್ಟಿ ಪರೀಕ್ಷೆ ಮಾಡಿದಾಗ, ಎದುರಿನ ಬಾಗಿಲಲ್ಲಿ ಸರದಿಗೆ ನಿಂತಿದ್ದ ಅವನು ತುಟಿಯಾಡಿಸಿ, ಪರದೆಯ ಮರೆಯಿಂದ ಮಾತು ಎತ್ತಿಕೊಡುವವನ ಹಾಗೆ, ನನ್ನನ್ನು ಪಾಸು ಮಾಡಿಸಿದ. ಹೊಲದಲ್ಲೂ ನಾನು ಕೂಗುವುದು ಬರೀ ನಾಟಕ. ಯಾರೂ ಇಲ್ಲವೆಂದು ಅವನು ಕೈ ಎತ್ತಿ ತೋರಿಸಿದ ಮೇಲೇ ನಾನು ಕೀಲಿ ಮುಟ್ಟುತ್ತಿದ್ದೆ. ಆ ದಿನ ದೂರದಲ್ಲಿ ಮೇಸ್ತ್ರಿ ಟೋಪಿ ಸರಿಮಾಡಿಕೊಳ್ಳಲು ಎತ್ತಿದ ಕೈಯನ್ನು, ಆ ಧೂಳಿನಲ್ಲಿ, ಅವನದೇ ಅಂದುಕೊಂಡೆ.

ಈ ಹಾಳೆಯನ್ನು ಯಾರಿಗೆ ತೋರಿಸಿದರೂ ಸರಿ.

ಇವತ್ತು ಬೆಳಗ್ಗೆ ಅವನೆದುರು ಕೂತು ಕೇಳಿಬಿಟ್ಟೆ, ನಿಜ ಹೇಳು, ಓ ಅಂದಿದ್ದೆಯಾ ಅಂತ. ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಆಮೇಲೆ ಎಡಗೈಯ ಮೂರು ಬೆರಳು ಎತ್ತಿದ.

ಮೂರು ಸಲವೂ ಅಂದಿದ್ದನಮ್ಮ.